ಎಳನೀರಲ್ಲಿ ನುಂಗಿದ ಮಾತ್ರೆ

ಇಪ್ಪತ್ತೊಂದು ವರ್ಷದ ಹಿಂದೆ, ಮಳವಳ್ಳಿಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಾನೂ ಸಂತೋಷೂ ಮದುವೆ ನೋಂದಣಿ ಮಾಡಿಸಿ ಮೆಟ್ಟಿಲು ಇಳಿಯುತ್ತಿದ್ದಾಗ, ಅವನ ಅಪ್ಪ ಜವರಯ್ಯನವರು ಎದುರಿಗೆ ಬಂದು ನಿಂತು ಒಂದು ಮಾತು ಆಡಿದರು.

"ನನ್ನುಸ್ರು ಇರೋಗಂಟ ಇವಳ ಕೈ ನೀರ ಮುಟ್ಟಾಕಿಲ್ಲ. ಮುಟ್ಟುದ್ರೆ ನಾನು ನಮ್ಮಪ್ಪಂಗೆ ಉಟ್ಟಿದೋನೇ ಅಲ್ಲ."

ಅದು ನನಗೆ ಕೊಟ್ಟ ಮಾತಲ್ಲ. ಅವರ ಬೆನ್ನ ಹಿಂದೆ ಸಾಲಾಗಿ ನಿಂತಿದ್ದ ಅಣ್ಣತಮ್ಮಂದಿರಿಗೆ ಕೊಟ್ಟದ್ದು. ಅವರು ಊರೊಳಗಿನ ಗೌಡರು, ನಾವು ಅದೇ ಊರಿನ ಕೇರಿಯವರು. ನಮ್ಮಪ್ಪ ಚೌಡಯ್ಯ ಮೇಷ್ಟ್ರು ನನ್ನ ಪಕ್ಕದಲ್ಲೇ ಇದ್ದರು. ತಿರುಗಿ ಏನಾದರೂ ಅನ್ನುತ್ತಾರೆ ಅಂದುಕೊಂಡೆ. ಕನ್ನಡಕ ತೆಗೆದು ಒರೆಸಿಕೊಂಡು, "ನಿನ್ನ ನೀರು ಉಳೀತು, ಬಾರವ್ವ" ಅಂದರು. ಅಷ್ಟೇ.

ಮದ್ದೂರಿಗೆ ಬಂದು ಒಂದು ವಠಾರದಲ್ಲಿ ಮನೆ ಹಿಡಿದೆವು. ಸಂತೋಷ್ ಎಳನೀರು ಲಾರಿ ಓಡಿಸುತ್ತಾನೆ. ಮದ್ದೂರು ಮಾರ್ಕೆಟ್ಟಿನಲ್ಲಿ ಲೋಡು ಹತ್ತಿಸಿಕೊಂಡು ಹೊರಟರೆ ನಾಗಪುರವೋ ದಿಲ್ಲಿಯೋ, ಹತ್ತು ಹನ್ನೆರಡು ದಿನ ಆಸಾಮಿಯ ಮುಖ ಕಾಣುವುದಿಲ್ಲ. ನಾನು ಊರಾಚೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತೇನೆ. ಬೆಳಿಗ್ಗೆ ಏಳೂವರೆಗೆ ವ್ಯಾನು, ಸಂಜೆ ಆರೂವರೆಗೆ ವಾಪಸ್ಸು. ಮಗಳು ಪ್ರಿಯಾಂಕ ಹುಟ್ಟಿದಾಗ ಗಂಡನ ಕಡೆಯ ಒಂದು ನರಪಿಳ್ಳೆಯೂ ಬಂದು ನೋಡಲಿಲ್ಲ. ತೊಟ್ಟಿಲಿಗೆ ಹಾಕಿದಾಗಲೂ ಇಲ್ಲ, ಸ್ಕೂಲಿಗೆ ಸೇರಿಸಿದಾಗಲೂ ಇಲ್ಲ.

ಮೂರು ವರ್ಷದ ಹಿಂದೆ ಮಾವನ ಎದೆ ಕೈಕೊಟ್ಟಿತು. ಆಗ ಬಂದರು.

ಮಂಡ್ಯದ ಡಾಕ್ಟರು "ಹಾರ್ಟ್ ಫೇಲ್ಯೂರ್" ಅಂದದ್ದೇ ತಡ, ನಮ್ಮತ್ತೆ ಚಿಕ್ಕಬೋರಮ್ಮ ವಾರ್ಡಿನ ಬಾಗಿಲಲ್ಲೇ ಕುಸಿದು ಬಾಯಿ ಬಡಿದುಕೊಂಡರು. ನಮ್ಮ ಕಡೆ ಹಾರ್ಟ್ ಫೇಲ್ ಅಂದರೆ ಮನುಷ್ಯ ಹೋದ ಅಂತಲೇ ಅರ್ಥ. ಒಳಗೆ ಮಂಚದ ಮೇಲಿಂದ ಮಾವ, "ಲೇ, ನಾನಿನ್ನೂ ಇವ್ನಿ ಕಣಮ್ಮಿ, ಬಾಯ್ಮುಚ್ಚು" ಅಂದರು. ಡಾಕ್ಟರು ಬಿಡಿಸಿ ಹೇಳಿದರು. ಹೃದಯ ನಿಂತಿಲ್ಲ, ಸೋತಿದೆ. ರಕ್ತ ತಳ್ಳುವ ಕಸುವು ಕಮ್ಮಿಯಾಗಿ ನೀರು ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತಿದೆ. ಮಾತ್ರೆ ಬಿಡದೆ ನುಂಗಿದರೆ ಎಷ್ಟೋ ವರ್ಷ ಇರಬಹುದು. ಬಿಟ್ಟರೆ ಇಲ್ಲ.

ಬೆಳಿಗ್ಗೆ ನಾಲ್ಕು ಮಾತ್ರೆ, ರಾತ್ರಿ ಎರಡು. ಅದರಲ್ಲೊಂದು ನೀರಿಳಿಸುವ ಮಾತ್ರೆ, ನುಂಗಿದ ಅರ್ಧ ಗಂಟೆಗೆ ಬಚ್ಚಲಿಗೆ ಓಡಿಸುತ್ತದೆ. ಸಾರಿಗೆ ಉಪ್ಪು ಅರ್ಧ. ಕುಡಿಯುವ ನೀರು ದಿನಕ್ಕೆ ಒಂದೂವರೆ ಲೀಟರು, ಅಳೆದು. ಬೆಳಿಗ್ಗೆ ಎದ್ದ ಕೂಡಲೇ ತೂಕ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಫೋನ್ ಮಾಡಬೇಕು.

ಹಳ್ಳಿಯಲ್ಲಿ ಇದೆಲ್ಲ ಆಗುವ ಮಾತಲ್ಲ. ಮಂಡ್ಯದಲ್ಲಿ ಸಂತೋಷನ ಅಕ್ಕ ರೂಪಕ್ಕನಿಗೆ ಸ್ವಂತ ಮನೆಯಿದೆ. "ನಮ್ಮನೇಲಿ ಮೆಟ್ಲು ಜಾಸ್ತಿ, ಅಪ್ಪಂಗೆ ಅತ್ತಕ್ಕಾಗಲ್ಲ" ಅಂದಳು. ನಮ್ಮ ವಠಾರದಲ್ಲಿ ಮೆಟ್ಟಿಲಿರಲಿಲ್ಲ. ಮಾವ, ಅತ್ತೆ ಇಬ್ಬರೂ ಒಂದು ಟ್ರಂಕು, ಒಂದು ಮಂಚದ ಸಮೇತ ನಮ್ಮ ನಡುಮನೆಗೆ ಬಂದರು. ಬಂದವರು ಹೊಸಿಲು ದಾಟುವಾಗ ನನ್ನ ಮುಖ ನೋಡಲಿಲ್ಲ. ಮಾತ್ರೆ, ಲೋಟ, ತೂಕ ಎಲ್ಲ ಅತ್ತೆಯದು. ಆ ಒಂದೂವರೆ ಲೀಟರಿನಲ್ಲಿ ಒಂದು ತೊಟ್ಟೂ ನನ್ನ ಕೈಯದಾಗಿರಲಿಲ್ಲ.

ಹಾಗಂತ ನನ್ನ ಮುದ್ದೆ ಬೇಡವಾ? ಬೇಕು. ಐದು ಗಂಟೆಗೆ ಎದ್ದು ನಾನು ತಿರುವಿದ ಮುದ್ದೆ, ನಾನು ಕುದಿಸಿದ ಸಾರು, ಅತ್ತೆ ಬಡಿಸಿದರೆ ಗಂಟಲಲ್ಲಿ ಇಳಿಯುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, "ಮುದ್ದೆ ಏನು ಗಾಳೀಲಿ ಬೇಯುತ್ತಾ ಮಾವ?"

ಅವರು ನನ್ನ ಕಡೆ ತಿರುಗದೆ ಅತ್ತೆಗೆ ಹೇಳಿದರು. "ನಾನಾಡಿರಾದು ನೀರಿನ ಮಾತು. ಇಟ್ಟಿನ ಮಾತಾಡಿಲ್ಲ ಅಂತ ಏಳು ಅವಳ್ಗೆ."

ಲಾಯರ್ ಆಗಬೇಕಿತ್ತು ಈ ಮನುಷ್ಯ.

ಸಾರಿನ ಬೈಗುಳ ಮಾತ್ರ ಯಾರ ಮೂಲಕವೂ ಅಲ್ಲ, ನೇರ ನನಗೇ ಬರುತ್ತಿತ್ತು. "ಇದೇನ್ ಸಾರಾ, ಮುಸುರೆನಾ? ಸಾಯ್ಸಾಕೇ ಕರ್ಕಬಂದವ್ಳೆ." ಮೂರು ವರ್ಷ ದಿನಕ್ಕೆರಡು ಹೊತ್ತು ಇದನ್ನು ಕೇಳಿದ್ದೇನೆ. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಸೌಟು ತೊಳೆಯುತ್ತಾ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ. ಆಮೇಲೆ ಬಾಯಲ್ಲೇ ಕೊಡಲು ಶುರು ಮಾಡಿದೆ.

ಹೋದ ವರ್ಷ ಯುಗಾದಿಗೆ ಮುಂಚೆ ಅತ್ತೆ ತೀರಿಕೊಂಡರು. ಲೋಟ ಪ್ರಿಯಾಂಕನ ಕೈಗೆ ಬಂತು. ಆಗ ಅವಳು ಎರಡನೇ ಪಿಯುಸಿ. ಕೇರಿಯವಳ ಹೊಟ್ಟೆಯಲ್ಲಿ ಹುಟ್ಟಿದವಳ ಕೈ ನೀರು ಹೇಗೆ ಆಗುತ್ತದೆ ಅಂತ ಯಾರೂ ಕೇಳಲಿಲ್ಲ. ಅವಳು ಅವರ ರಕ್ತವಂತೆ. ನನ್ನದು ಅದರಲ್ಲಿ ಏನೂ ಇಲ್ಲವೇನೋ. ಹುಡುಗಿ ಮಾತ್ರ ಶ್ರದ್ಧೆಯಿಂದ ಮಾಡಿದಳು. ತೂಕ ನೋಡಿ ಪುಸ್ತಕದಲ್ಲಿ ಬರೆಯುವಳು. ಹೆಬ್ಬೆರಳಲ್ಲಿ ತಾತನ ಮೊಣಕಾಲ ಕೆಳಗೆ ಒತ್ತಿ, ಗುಳಿ ಬಿತ್ತಾ ಇಲ್ಲವಾ ನೋಡುವಳು. ಆಸ್ಪತ್ರೆಗೆ ಹೋದಾಗ ನರ್ಸುಗಳ ಬೆನ್ನು ಹತ್ತಿ ಪ್ರಶ್ನೆ ಕೇಳುವಳು. ಅಲ್ಲಿಂದಲೇ ಅವಳಿಗೆ ನರ್ಸಿಂಗ್ ಓದಬೇಕು ಅನ್ನೋದು ತಲೆಗೆ ಹೊಕ್ಕಿದ್ದು. ಮೈಸೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಹಾಸ್ಟೆಲೂ ಸಿಕ್ಕಿತು. ದೀಪಾವಳಿ ಕಳೆದ ಸೋಮವಾರ ಸೇರಬೇಕು.

ಸುದ್ದಿ ಮುಟ್ಟಿದ ಸಂಜೆಯೇ ರೂಪಕ್ಕನ ಫೋನು.

"ಏನಮ್ಮ ಶಶಿರೇಖಾ, ಮಗೀನ ಮೈಸೂರಿಗೆ ಕಳಿಸ್ತೀಯಂತೆ? ಅಪ್ಪಂಗೆ ನೀರು ಕೊಡೋರ್ಯಾರು?"

"ನೀವು ಬನ್ನಿ ರೂಪಕ್ಕ."

"ನಂಗೇನ್ ಸಂಸಾರ ಇಲ್ವಾ? ಈ ವರ್ಸ ಬುಟ್ಟು ಮುಂದಿನ್ ವರ್ಸ ಓದ್ಲಿ. ನರ್ಸಮ್ಮನೇ ಆಗ್ಬೇಕು ಅಂದ್ರೆ ಮನೇಲೇ ರೋಗಿ ಅವ್ರಲ್ಲ."

"ಬೇರೆ ರೋಗಿಗಳು ಬೇಯಿಸಿ ಹಾಕೋರನ್ನ ಬಯ್ಯಲ್ಲ."

ಫೋನ್ ಕಟ್ಟಾಯಿತು. ಮಂಚದ ಮೇಲೆ ಮಲಗಿದ್ದ ಮಾವ ಹೆಂಚಿನ ಕಡೆ ನೋಡುತ್ತಾ, "ಮಗು ಓಗ್ಬಾರ್ದು" ಅಂದರು.

"ಹೋಗ್ತಾಳೆ" ಅಂದೆ.

ನನಗೆ ಬೇಕಾಗಿದ್ದುದು ಇಷ್ಟೇ. ಅವಳ ಸೀಟು ಹೋಗಬಾರದು. ನಾನು ಹದಿನಾಲ್ಕು ವರ್ಷದಿಂದ ಬೇರೆಯವರ ಅಂಗಿಗೆ ಕಾಲರ್ ಕೂರಿಸುತ್ತಿದ್ದೇನೆ. ಕತ್ತು ಬಗ್ಗಿಸಿ ಬಗ್ಗಿಸಿ ಈಗ ನೆಟ್ಟಗೆ ನಿಂತರೆ ತಲೆ ಸುತ್ತುತ್ತದೆ. ಈ ಮುದುಕ ಎಂದೋ ನಾಲ್ಕು ಜನರೆದುರು ಬಾಯಿ ಬಿಟ್ಟದ್ದಕ್ಕೆ ನನ್ನ ಮಗಳು ಲೋಟ ಹಿಡಿದುಕೊಂಡು ಮಂಚದ ಪಕ್ಕ ನಿಲ್ಲುವುದು ಆಗದ ಮಾತು.

ಸೋಮವಾರ ಅವಳನ್ನು ಮೈಸೂರಿಗೆ ಬಿಟ್ಟು ಬಂದೆ.

ಮಂಗಳವಾರದಿಂದ ಪಕ್ಕದ ಮನೆಯ ಸೋಮಮ್ಮನನ್ನು ಕೇಳಿಕೊಂಡೆ. ಅವರ ಜನವೇ, ಗೌಡರ ಪೈಕಿ. ಎರಡು ದಿನ ಕೊಟ್ಟಳು. ಮೂರನೆಯ ದಿನ ಬಾಗಿಲಲ್ಲೇ ನಿಂತು, "ನಂಗ್ಬೇಡ ಕಣಮ್ಮ ಈ ಉಸಾಬರಿ. ನಾಳೆ ಎಚ್ಚುಕಮ್ಮಿ ಆದ್ರೆ ಸೋಮಮ್ಮನ ಕೈ ನೀರು ಕುಡ್ದು ಸತ್ತ ಅಂತಾರೆ. ನಿನಗಾದ್ರೆ ಎಂಗೂ ಕೆಟ್ಟೆಸ್ರು ಬಂದದೆ" ಅಂದಳು.

ಆ ಗುರುವಾರ ಸಂತೋಷ್ ಮನೆಯಲ್ಲಿದ್ದ. ಅವನು ಯಾರ ಎದುರೂ ನಿಲ್ಲುವವನಲ್ಲ, ಯಾರನ್ನೂ ಬಿಟ್ಟುಕೊಡುವವನೂ ಅಲ್ಲ. "ಅಪ್ಪನ ಮಾತು ಅಪ್ಪಂದು, ನಿನ್ ಮಾತು ನಿಂದು. ನನ್ಯಾಕೆ ಮಧ್ಯ ಹಾಕಿ ಅರೀತೀರ?" ಅಂತ ಹೊರಗೆ ಹೋದವನು ಮಧ್ಯಾಹ್ನಕ್ಕೆ ಆಟೋದಲ್ಲಿ ಎಳನೀರು ತಂದು ನಡುಮನೆಯ ಮೂಲೆಗೆ ಸುರಿದ. ಮಚ್ಚು ತಗೊಂಡು ಒಂದೊಂದರ ಮೂತಿಯನ್ನೂ ತೆಳ್ಳಗೆ ಕೆತ್ತಿದ, ಚಮಚದ ಹಿಡಿಯಲ್ಲಿ ತಿವಿದರೆ ತೂತಾಗುವಷ್ಟು.

"ಅಪ್ಪ, ಇದ್ರಲ್ಲಿ ಮಾತ್ರೆ ತಗೋ. ಇದು ಮರ ಕೊಟ್ಟಿದ್ದು. ಯಾರ ಕೈಯದೂ ಅಲ್ಲ."

ಮಾವನ ಮುಖ ಅರಳಿದ್ದನ್ನು ಮೂರು ವರ್ಷದಲ್ಲಿ ಅವತ್ತೇ ನೋಡಿದ್ದು. "ನನ್ಮಗಂಗೆ ಬುದ್ಧಿ ಐತೆ ಕಣ್ಲಾ. ಎಲ್ಲೋ ಒಂದ್ಸಲ ಕೆಟ್ಟಿತ್ತು ಅಷ್ಟೆ" ಅಂದರು. ಆ ಒಂದು ಸಲ ನಾನು.

ನನಗೂ ಸಮಾಧಾನವೇ ಆಯಿತು ಅಂತ ಹೇಳಿಬಿಡಬೇಕು. ನಮ್ಮ ಜಿಲ್ಲೆಯಲ್ಲಿ ರೋಗಿಯನ್ನು ನೋಡಲು ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ, ಎರಡು ಎಳನೀರು ಹಿಡಿದೇ ಹೋಗುವುದು. ಎಳನೀರಿನಿಂದ ಕೆಟ್ಟದ್ದಾಗುತ್ತದೆ ಅಂದರೆ ಮದ್ದೂರಿನಲ್ಲಿ ಹೊಡೆಯಲು ಬರುತ್ತಾರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಬಾಯಾರಿದರೆ ಮಧ್ಯೆ ಇನ್ನೊಂದು ಎರಡು. ನಾನು ಬೆಳಿಗ್ಗೆ ಮಾತ್ರೆಯ ತಟ್ಟೆ ಕಿಟಕಿಯ ಮೇಲಿಟ್ಟು ಹೋಗುತ್ತಿದ್ದೆ, ಸಂಜೆ ಬಂದರೆ ತಟ್ಟೆ ಖಾಲಿ, ಮೂಲೆಯಲ್ಲಿ ಬುರುಡೆಗಳು. ಒಂದು ಮಾತ್ರೆಯೂ ತಪ್ಪುತ್ತಿಲ್ಲವಲ್ಲ ಅಂತ ಹೆಮ್ಮೆಯೇ ಆಗುತ್ತಿತ್ತು. ಸಂತೋಷ್ ಲೋಡು ತಗೊಂಡು ಹೊರಟುಹೋದ. ಹೊರಡುವ ಮುಂಚೆ ಮಾರ್ಕೆಟ್ಟಿನ ಮಹದೇವುಗೆ ಹೇಳಿದ್ದ, ಅವನು ನಾಲ್ಕು ದಿನಕ್ಕೊಮ್ಮೆ ಮೂತಿ ಕೆತ್ತಿ ತಂದು ಹಾಕುತ್ತಿದ್ದ.

ಪ್ರಿಯಾಂಕ ಫೋನ್ ಮಾಡಿದಾಗೆಲ್ಲ ಮೊದಲು ಕೇಳುವುದೇ ಅದು. "ತಾತಂಗೆ ಮಾತ್ರೆ ಯಾರು ಕೊಡ್ತಾರಮ್ಮ?"

"ಸೋಮಮ್ಮ ಕೊಡ್ತಾಳೆ. ನೀನು ನಿನ್ನ ಓದು ನೋಡ್ಕೊ."

ಸುಳ್ಳು ಹೇಳಿದೆ. ಸೋಮಮ್ಮ ಕೈಬಿಟ್ಟಳು ಅಂದರೆ ಹುಡುಗಿ ಮಾರನೇ ದಿನವೇ ಬ್ಯಾಗು ಎತ್ತಿಕೊಂಡು ಬರುವಳು ಅಂತ ಗೊತ್ತಿತ್ತು.

ಐದನೇ ವಾರ. ಒಂದು ಸಂಜೆ ನಾನು ಬಂದಾಗ ಮಾವ ಬಚ್ಚಲ ಬಾಗಿಲ ಪಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಯಾಕೆ ಅಂದೆ. ಆ ಗಂಟಲಿನಿಂದ ಅಂಥಾ ಸಣ್ಣ ದನಿ ನಾನು ಕೇಳಿರಲಿಲ್ಲ.

"ಕಾಲು ಬತ್ತಾ ಇಲ್ಲ."

ಮುಖ ಬೂದಿಯಾಗಿತ್ತು. ಮಣಿಕಟ್ಟು ಹಿಡಿದು ನೋಡಿದೆ, ನಾಡಿ ಒಂದು ಬಡಿದರೆ ಇನ್ನೊಂದಕ್ಕೆ ಕಾಯಬೇಕು. ಆಂಬುಲೆನ್ಸಿಗೆ ಫೋನ್ ಮಾಡಿದೆ. ವಠಾರದವರೆಲ್ಲ ಹೊರಗೆ ಬಂದು ಸಾಲಾಗಿ ನಿಂತು ನೋಡಿದರು. ಮಂಡ್ಯ ಮುಟ್ಟುವವರೆಗೂ ನಾನು ಅವರ ತಲೆ ಅಲುಗಾಡದಂತೆ ಹಿಡಿದಿದ್ದೆ. ಆಗಲೂ ಅವರ ಕಣ್ಣು ಹೊರಗೇ ನೋಡುತ್ತಿತ್ತು.

ರಕ್ತದ ರಿಪೋರ್ಟು ಕೈಯಲ್ಲಿ ಹಿಡಿದು ಡಾಕ್ಟರು ಬಂದಾಗ ರೂಪಕ್ಕ ಆಗಲೇ ಬಂದು ಮಂಚದ ತಲೆದೆಸೆಯಲ್ಲಿ ಕೂತಿದ್ದಳು.

"ಮಾತ್ರೆ ಯಾವುದಾದರೂ ಬಿಟ್ಟಿದ್ದರಾ?"

"ಒಂದೂ ಇಲ್ಲ ಸಾರ್" ಅಂದೆ.

"ಬಾಳೆಹಣ್ಣು ತಿಂತಾರಾ? ಎಳನೀರು?"

"ಎಳನೀರಲ್ಲೇ ಸಾರ್ ಮಾತ್ರೆ ತಗೊಳ್ಳೋದು. ದಿನಕ್ಕೆ ಮೂರು. ಕೆಲವು ಸಲ ನಾಲ್ಕು."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಎಷ್ಟು ದಿನದಿಂದ?"

"ಒಂದು ತಿಂಗಳು ಆಯ್ತು."

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಈ ಮಾತ್ರೆಗಳಲ್ಲಿ ಎರಡು ಹೃದಯಕ್ಕೆ ಒಳ್ಳೆಯದು ಮಾಡುತ್ತವೆ, ಆದರೆ ಮೈಯೊಳಗೆ ಪೊಟ್ಯಾಷಿಯಂ ಅನ್ನುವ ಲವಣವನ್ನು ಹೊರಗೆ ಹೋಗದಂತೆ ಹಿಡಿದಿಟ್ಟುಕೊಳ್ಳುತ್ತವೆ, ಎಳನೀರಿನಲ್ಲಿ ಅದೇ ತುಂಬಿದೆ ಅಂದರು. ಒಳಗೆ ಏರಿ ಏರಿ ಕೈಕಾಲು ಸೋಲುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ. "ನಾಳೆ ಬೆಳಿಗ್ಗೆ ಬಂದಿದ್ದರೆ ನಾನು ನೋಡಬೇಕಾಗಿರಲಿಲ್ಲ. ಇಲ್ಲಿಂದ ಮುಂದೆ ಎಳನೀರು ಬಂದ್. ಮಾತ್ರೆಗೆ ಸಾದಾ ನೀರು. ನೀರು ಕೊಡೋಕೆ ಮನೇಲಿ ಯಾರೂ ಇರಲಿಲ್ವಾ?"

ಅವರು ಹೋದ ಮೇಲೆ ರೂಪಕ್ಕ ಇಡೀ ವಾರ್ಡಿಗೆ ಕೇಳುವ ಹಾಗೆ, "ಕೊಲೆಗಾತಿ. ಮನೇಲಿ ಬುರುಡೆ ರಾಶಿ ಬಿದ್ದಿದ್ರೂ ನೋಡ್ಕಂಡು ಕುಂತಿದ್ಲು" ಅಂದಳು.

"ತಂದದ್ದು ನಿಮ್ಮ ತಮ್ಮ. ಕುಡಿದದ್ದು ನಿಮ್ಮಪ್ಪ. ಮೆಟ್ಟಿಲಿಲ್ಲದ ಮನೆ ಅಂತ ಕಳಿಸಿದ್ದು ನೀವು."

ಪಕ್ಕದ ಮಂಚದ ಮುದುಕಿ ಕೆಮ್ಮು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

ಮಾರನೇ ದಿನ ಮಧ್ಯಾಹ್ನ ಪ್ರಿಯಾಂಕ ಬಂದಳು, ನಾನು ಹೆದರಿದ್ದ ಹಾಗೆ ಬ್ಯಾಗು ಹೆಗಲಿಗೆ ಹಾಕಿಕೊಂಡೇ. ತಾತನ ಕೈ ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ನನ್ನನ್ನು ಕಾರಿಡಾರಿಗೆ ಕರೆದಳು.

"ಸೋಮಮ್ಮ ಕೊಡ್ತಾಳೆ ಅಂದ್ಯಲ್ಲಮ್ಮ."

"ಸುಳ್ಳು ಹೇಳ್ದೆ."

"ಎಳನೀರು ಅಂತ ಒಂದ್ ಮಾತು ಹೇಳಿದ್ರೆ ನಾನೇ ಬೇಡ ಅಂತಿದ್ದೆ. ಆಸ್ಪತ್ರೆ ಚೀಟೀಲಿ ಎರಡನೇ ಪುಟದಲ್ಲಿ ಐತೆ. ನಾನು ಓದಿದ್ದೆ. ತಾತ ನೀರು ಕುಡೀತಿದ್ರಲ್ಲ ಅಂತ ನಿಂಗೆ ಹೇಳಿರಲಿಲ್ಲ ಅಷ್ಟೆ."

ಅದು ನನಗೆ ತಾಗಿತು. ಇವತ್ತಿಗೂ ತಾಗುತ್ತದೆ. ನನ್ನ ಮಗಳನ್ನು ಅಲ್ಲಿ ಉಳಿಸಲು ಹೇಳಿದ ಸುಳ್ಳು ಇಲ್ಲಿ ಒಬ್ಬರ ಎದೆಯನ್ನು ನಿಲ್ಲಿಸುವ ತನಕ ಹೋಗಿತ್ತು. ಅವಳು ಮುಂದಿನ ಮಾತು ಆಡುವ ಮುಂಚೆಯೇ ನನಗೆ ಗೊತ್ತಿತ್ತು.

"ನಾನು ವಾಪಸ್ ಬತ್ತೀನಮ್ಮ. ಒಂದ್ ವರ್ಷ ತಾನೆ."

"ಬಂದ್ರೆ ಬಾಗಿಲು ತೆಗೆಯಲ್ಲ."

"ತಾತ ಸತ್ತೋದ್ರೆ?"

"ನೀನು ಇವತ್ತು ಕಾಲೇಜು ಬಿಟ್ರೆ ಈ ತಾತ ಆದ್ಮೇಲೆ ನಿಮ್ಮಪ್ಪ, ನಿಮ್ಮಪ್ಪ ಆದ್ಮೇಲೆ ಇನ್ಯಾರೋ. ಮನೆ ತುಂಬ ಲೋಟ ಇಡ್ಕೊಂಡು ನಿಂತಿರ್ತೀಯ. ನಡಿ."

ಅವಳು ಅತ್ತಳು, ನನ್ನನ್ನು ಕಲ್ಲು ಅಂದಳು. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮೈಸೂರು ಬಸ್ಸು ಹತ್ತಿಸಿ, ಅದು ಹೊರಡುವ ತನಕ ಕಿಟಕಿಯ ಕೆಳಗೆ ನಿಂತಿದ್ದೆ. ಇಳಿದುಬಿಟ್ಟಾಳು ಅಂತ.

ವಾಪಸ್ಸು ವಾರ್ಡಿಗೆ ಬಂದಾಗ ಸಿಸ್ಟರ್ ಒಬ್ಬಳು ಮಾವನಿಗೆ ಮಾತ್ರೆ ಹಾಕಿ ನೀರು ಕುಡಿಸುತ್ತಿದ್ದಳು. ಅವಳು ಹೋಗುವ ತನಕ ಕಾದೆ.

"ಆ ಸಿಸ್ಟರ್ ಯಾವ ಜನ ಅಂತ ಕೇಳಿದ್ರಾ ಮಾವ?"

ಅವರು ಕಣ್ಣು ಮುಚ್ಚಿಕೊಂಡೇ ಅಂದರು, "ಗೊತ್ತಿಲ್ದಿರಾದು ಅಂಟಾಕಿಲ್ಲ."

ಐದನೇ ದಿನ ಮನೆಗೆ ಕಳಿಸಿದರು. ಮಾತ್ರೆ ಬದಲಾಯಿಸಿದ್ದರು, ಬೆಳಿಗ್ಗೆಗೆ ಮೂ‌ರೇ. ಸಂತೋಷ್ ದಿಲ್ಲಿಯ ಮಂಡಿಯಲ್ಲಿ ಲೋಡು ಇಳಿಯದೆ ಸಿಕ್ಕಿಕೊಂಡಿದ್ದ. ಅಲ್ಲಿಂದಲೇ ಫೋನು.

"ಮಗೀನ ಒಂದ್ ವಾರ ಕರ್ಸು ಶಶಿ, ನಾನ್ ಬರೋಗಂಟ."

"ಕರ್ಸಲ್ಲ."

"ನೀನೂ ಅವ್ರಂಗೇ ಹಟ ಹಿಡಿದ್ರೆ ಎಂಗೆ?"

"ಇಪ್ಪತ್ತೊಂದು ವರ್ಷ ಅವರದು ಯಾರಿಗೂ ಹಟ ಅನ್ನಿಸ್ಲಿಲ್ಲ. ನಂದು ಒಂದೇ ತಿಂಗಳಿಗೆ ಅನ್ನಿಸ್ತಾ?"

ಅವನು ಸಿಗ್ನಲ್ ಇಲ್ಲ ಅಂದ.

ಮೊದಲ ಬೆಳಿಗ್ಗೆ ತಟ್ಟೆಯಲ್ಲಿ ಮಾತ್ರೆ, ಪಕ್ಕದಲ್ಲಿ ಚೊಂಬಿನಲ್ಲಿ ನೀರು ಇಟ್ಟೆ. "ಇಲ್ಲಿದೆ" ಅಂದೆ. ಅವರು ಗೋಡೆಗೆ ತಿರುಗಿ ಮಲಗಿದರು. ವ್ಯಾನು ಹಾರನ್ ಹೊಡೆಯಿತು, ಹೋದೆ. ಸಂಜೆ ಬಂದು ನೋಡಿದರೆ ಮಾತ್ರೆ ಇಟ್ಟಲ್ಲೇ ಇದ್ದವು, ಚೊಂಬಿನಲ್ಲಿ ಒಂದು ಇರುವೆ ತೇಲುತ್ತಿತ್ತು. ಸಾರಿನ ಪಾತ್ರೆ ಮಾತ್ರ ಬರಿದಾಗಿತ್ತು. ತಾವೇ ಬಗ್ಗಿಸಿಕೊಂಡು ಬಟ್ಟಲು ಬಟ್ಟಲು ಕುಡಿದು ಗಂಟಲು ತೋಯಿಸಿಕೊಂಡಿದ್ದರು. ಸಾರೂ ನೀರಲ್ಲವಂತೆ.

"ಹಂಗಾದ್ರೆ ಮಾತ್ರೆನೂ ಸಾರಲ್ಲೇ ನುಂಗಿ" ಅಂದೆ.

"ಔಸ್ದಿನ ಸಾರಲ್ಲಿ ಕಲಸಿ ತಿನ್ನಾಕೆ ನಾನೇನ್ ನಾಯಾ?"

ಆಗ ನನಗೆ ಅರ್ಥವಾಯಿತು. ಇದು ಮಳವಳ್ಳಿಯ ಮಾತು ಒಂದೇ ಅಲ್ಲ. ಮಾತ್ರೆ ಬಿಟ್ಟರೆ ಉಸಿರು ಏರುತ್ತದೆ, ಉಸಿರು ಏರಿದರೆ ನಾನು ಹೆದರಿ ಮಗಳನ್ನು ಕರೆಸುತ್ತೇನೆ. ಮುದುಕ ಲೆಕ್ಕ ಹಾಕಿ ಮಲಗಿದ್ದರು.

ಎರಡನೇ ದಿನವೂ ಹಾಗೇ ಆಯಿತು. ರಾತ್ರಿ ಮಲಗಲಾಗದೆ ದಿಂಬಿಗೆ ಒರಗಿ ಕೂತೇ ಇದ್ದರು. ಮೂರನೇ ಬೆಳಿಗ್ಗೆ ತೂಕದ ಮಿಷಿನ್ನಿನ ಮೇಲೆ ನಿಲ್ಲಿಸಿದೆ. ಒಂದೂವರೆ ಕೆಜಿ ಜಾಸ್ತಿ. ಮೊಣಕಾಲ ಕೆಳಗೆ ನಾನೇ ಹೆಬ್ಬೆರಳು ಒತ್ತಿದೆ, ಹಸಿ ಮುದ್ದೆಗೆ ಒತ್ತಿದ ಹಾಗೆ ಗುಳಿ ಬಿತ್ತು. ಮೇಲೇಳಲೇ ಇಲ್ಲ. ಗಾರ್ಮೆಂಟ್ಸಿನ ಸೂಪರ್‌ವೈಸರಿಗೆ ಫೋನ್ ಮಾಡಿ ಬರಲ್ಲ ಅಂದೆ. ಆಸ್ಪತ್ರೆಗೆ ಅಂತ ಐದು ದಿನ ಆಗಲೇ ಹೋಗಿತ್ತು, ಆತ ಏನೇನೋ ಅಂದ. ಅನ್ನಲಿ ಅಂತ ಹೊಸಿಲ ಮೇಲೆ, ಮಂಚಕ್ಕೆ ಎದುರಾಗಿ ಕೂತೆ.

ಮಧ್ಯೆ ಮಾತ್ರೆಯ ತಟ್ಟೆ, ಚೊಂಬು. ನನ್ನ ಮಡಿಲಲ್ಲಿ ಫೋನು. ಅದರಲ್ಲಿ ಒಂದು ನಂಬರು ಒತ್ತಿದರೆ ಎರಡು ಗಂಟೆಯೊಳಗೆ ಹುಡುಗಿ ಬರುತ್ತಾಳೆ. ಮಾವನ ಕಣ್ಣು ಆ ಫೋನಿನ ಮೇಲೇ ಇತ್ತು. ಉಸಿರು ಗರಗರ ಅನ್ನುತ್ತಿತ್ತು. ನಾನು ಫೋನನ್ನು ಸೆರಗಿನೊಳಗೆ ಇಟ್ಟುಕೊಂಡೆ.

"ಮಗೀನ ಕರ್ಸು."

"ಕರ್ಸಲ್ಲ."

"ನಾನ್ ಸತ್ರೆ?"

"ಮಣ್ಣಿಗೆ ಬಂದು ಹೋಗ್ತಾಳೆ. ಮಾರನೇ ದಿನ ಕ್ಲಾಸಿಗೆ ಹೋಗ್ತಾಳೆ."

"ನೀನೇ ಕೊಂದೆ ಅಂತಾರೆ ಜನ."

"ಆಗಲೇ ಅಂತಾ ಅವ್ರೆ. ನಿಮ್ಮ ಮಗಳೇ ಅಂದಾಯ್ತು."

"ನೀನು ಕೆಟ್ಟೆಂಗ್ಸು ಕಣೇ" ಅಂದರು. ನೇರ ನನ್ನ ಮುಖ ನೋಡಿ.

"ನಿಮ್ಮ ಮನೇಗೆ ಬಂದು ಕಲ್ತೆ ಮಾವ."

"ನೀನ್ಯಾವಾಗ ನಮ್ಮನೇಗೆ ಬಂದೆ? ನಾನು ತಾನೆ ನಿನ್ ಮನೇಗೆ ಬಂದು ಬಿದ್ದಿರಾದು."

ಕೋಪದಲ್ಲೇ ಅಂದದ್ದು. ಆದರೂ ಅದು ನನ್ನ ಮನೆ ಅಂತ ಅವರ ಬಾಯಿಂದ ಬಂದದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಅವರು ಮಂಚದ ಅಂಚು ಹಿಡಿದು ಎದ್ದರು. ಬಗ್ಗಿ ಚೊಂಬು ತಗೊಂಡು, ನಾನಿಟ್ಟಿದ್ದ ನೀರನ್ನು ಕಿಟಕಿಯಿಂದ ಹೊರಗೆ ಚೆಲ್ಲಿದರು. ನನ್ನನ್ನು ದಾಟಿಕೊಂಡು ಅಂಗಳಕ್ಕೆ ಇಳಿದರು. ವಠಾರದ ಆ ತುದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಎಲ್ಲರಿಗೂ ಸೇರಿದ ಒಂದು ನಲ್ಲಿಯಿದೆ. ಎಂಟು ಮನೆಗಳ ದೂರ. ಎರಡನೇ ಮನೆಯ ಹತ್ತಿರವೇ ನಿಂತು ಏದುಸಿರು ಬಿಟ್ಟರು. ನಾನು ತಟ್ಟೆಯ ಮಾತ್ರೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಪ್ಲಾಸ್ಟಿಕ್ ಸ್ಟೂಲು ಎತ್ತಿಕೊಂಡು ಹೋಗಿ ಅವರ ಹಿಂದೆ ಇಟ್ಟೆ. ತಿರುಗಿ ನೋಡದೆ ಕೂತರು. ಎದ್ದರು. ನಾನು ಸ್ಟೂಲು ಎತ್ತಿಕೊಂಡೆ. ಹೀಗೆ ನಾಲ್ಕು ಸಲ ಕೂತು ಎದ್ದು ಹೋದೆವು. ಹೆಂಗಸರು ಪಾತ್ರೆ ತಿಕ್ಕುವುದು ಬಿಟ್ಟು ನೋಡುತ್ತಿದ್ದರು. "ಬುಡಣ್ಣ, ನೀರ ನಾನ್ ಇಡ್ಕೊಡ್ತೀನಿ" ಅಂತ ಸೋಮಮ್ಮ ಚೊಂಬಿಗೆ ಕೈ ಚಾಚಿದಳು.

"ಅವತ್ತೇ ಒಲ್ಲೆ ಅಂದ್ಯಲ್ಲ, ಸರ್ಕೊ" ಅಂದರು ಮಾವ.

ಅವಳು ಬಿಂದಿಗೆ ಪಕ್ಕಕ್ಕೆ ಎಳೆದುಕೊಂಡಳು. ಮಾವ ಚೊಂಬನ್ನು ಮೂರು ಸಲ ತೊಳೆದು, ನಲ್ಲಿ ತಿರುಗಿಸಿ ತಾವೇ ನೀರು ಹಿಡಿದರು. ಆಮೇಲೆ ಮುಖ ಆ ಕಡೆಗೇ ಇಟ್ಟುಕೊಂಡು ಎಡಗೈಯನ್ನು ಹಿಂದಕ್ಕೆ ಚಾಚಿದರು, ಅಂಗೈ ಮೇಲು ಮಾಡಿ. ಮೂರು ಮಾತ್ರೆಯನ್ನೂ ಅದರಲ್ಲಿ ಇಟ್ಟೆ. ಮಾತ್ರೆಯ ಬಗ್ಗೆ, ಸ್ಟೂಲಿನ ಬಗ್ಗೆ ಅವರು ಮಳವಳ್ಳಿಯಲ್ಲಿ ಏನೂ ಆಡಿರಲಿಲ್ಲ.

ಒಂದೊಂದಾಗಿ ನುಂಗಿದರು. ಕೊನೆಯದು ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ನಾನು ಬೆನ್ನು ತಟ್ಟಲಿಲ್ಲ.

"ನೋಡ್ಕಂಡ್ಯಾ?" ಅಂದರು.

"ನೋಡ್ಕಂಡೆ. ರಾತ್ರಿ ಇನ್ನೆರಡು ಐತೆ."

ಇದಾಗಿ ಏಳು ತಿಂಗಳಾಯಿತು. ಪ್ರಿಯಾಂಕ ಹಾಸ್ಟೆಲಿನಲ್ಲೇ ಇದ್ದಾಳೆ. ಮೊದಮೊದಲು ಫೋನಿನಲ್ಲಿ ತಾತನ ತೂಕ ಬಿಟ್ಟು ನನ್ನ ಜೊತೆ ಬೇರೆ ಮಾತಿರಲಿಲ್ಲ, ಈಗೀಗ ಕ್ಲಾಸಿನ ವಿಷಯ ಹೇಳುತ್ತಾಳೆ. ಮಾವ ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಚೊಂಬು ಹಿಡಿದು ನಲ್ಲಿಗೆ ಹೋಗುತ್ತಾರೆ. ದಾರಿಯುದ್ದಕ್ಕೂ ನನ್ನ ಸಾರನ್ನು ಬಯ್ಯುತ್ತಾರೆ. ಈಗ ಎರಡು ಸಲ ಕೂತರೆ ಸಾಕು. ಮಾತ್ರೆ ಒಂದೂ ತಪ್ಪಿಲ್ಲ.

ನನ್ನ ಕೈಯ ನೀರನ್ನು ಅವರು ಮುಟ್ಟಿಲ್ಲ. ಆಡಿದ ಮಾತು ಉಳಿಸಿಕೊಂಡಿದ್ದಾರೆ.